ಕಳೆಯದ ಸೂತಕ

ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಕಾನಸೂರಿನ ನಮ್ಮ ಕಿರಾಣಿ ಅಂಗಡಿಯ ಹಿಂದೆಯೇ ಮನೆ. ಮಗ ಬೆಲ್ಲ ತೂಗಿ ಕಟ್ಟಿಟ್ಟು, ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಇಪ್ಪತ್ತು ದಾಟಿದವನು. ಆಟಿಸಂ ಇದೆ ಎಂದು ಚಿಕ್ಕವನಿದ್ದಾಗಲೇ ಗೊತ್ತಾಗಿತ್ತು. ಕೈ ತೊಳೆಯಲು ಹೋದರೆ ಬೇಗ ಬರುತ್ತಿರಲಿಲ್ಲ. ಹೆಂಡತಿ ಒಳಗಿನಿಂದ, "ತಮಾ, ಕೈ ಸವೆದು ಹೋಗ್ತು, ಬಾ," ಎಂದಳು. ನಲ್ಲಿ ನಿಲ್ಲಿಸಿ ಬಂದ. ಮೂವರೂ ಊಟ ಮಾಡಿದೆವು.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಹೃದಯ ನಿಂತಿದೆ ಎಂದರು.

ಸೂತಕದ ನಿಯಮಗಳನ್ನು ಅವನಿಗೆ ಹೇಳಿಕೊಟ್ಟವಳು ನನ್ನ ನಾದಿನಿ. ದೇವರ ಕೋಣೆಗೆ ಹೋಗಬಾರದು, ಹೊರಗಿನವರನ್ನು ಮುಟ್ಟಬಾರದು, ಮುಟ್ಟಿದರೆ ಸ್ನಾನ. ನಿಯಮ ಎಂದರೆ ಅವನಿಗೆ ಹಿಡಿಸುತ್ತದೆ. ಉಳಿದವರು ಅಲ್ಲಿ ಇಲ್ಲಿ ತಪ್ಪಿದೆವು, ಅವನು ಒಮ್ಮೆಯೂ ತಪ್ಪಲಿಲ್ಲ. ಬಂದ ನೆಂಟರೆಲ್ಲ ಹೊಗಳಿದರು. ಸೂತಕ ಕಳೆಯುವ ದಿನ ಭಟ್ಟರು ಪುಣ್ಯಾಹದ ನೀರು ಪ್ರೋಕ್ಷಿಸಿದರು. ನಾವು ಶುದ್ಧರಾದೆವು. ಅವನು ಆಗಲಿಲ್ಲ.

"ಅಪ್ಪಯ್ಯಾ, ಸೂತಕ ಹೋತಾ?"

"ಹೋತು."

"ಖರೆ ಹೋತಾ?"

ದಿನವಿಡೀ ಇದೇ ಮಾತು, ಮತ್ತೆ ಮತ್ತೆ ಸ್ನಾನ. ಬೆರಳ ಸಂದುಗಳು ಬಿರಿದು ರಕ್ತ ಬಂತು. ದುಡ್ಡು ಮುಟ್ಟಿದ ಕೈ ಎಂದು ನಾನು ಬಡಿಸಿದ ಅನ್ನ ಬಿಟ್ಟ. ತಾನೇ ಸುಲಿದ ಬಾಳೆಹಣ್ಣು ಬಿಟ್ಟರೆ ಬೇರೇನೂ ತಿನ್ನಲಿಲ್ಲ. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ.

ಶಿರಸಿಯ ಡಾಕ್ಟರು ಆಟಿಸಂ ಇದ್ದವರು ಹೀಗೇ, ಹೊಂದಿಕೊಂಡು ಹೋಗಿ ಎಂದರು. ಯಲ್ಲಾಪುರದಲ್ಲಿ ಒಂದು ತರಬೇತಿ ಕೇಂದ್ರ ಸಿಕ್ಕಿತು. ಅಲ್ಲಿ ಎಲ್ಲ ಮೊಣಕಾಲೆತ್ತರದ ಕುರ್ಚಿಗಳು. ದೊಡ್ಡವರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಸಿದ್ದಾಪುರದಲ್ಲಿ ಆಪ್ತಸಲಹೆ ಮಾಡುವವರೊಬ್ಬರು ಮನಸ್ಸಿನಲ್ಲಿ ಏನಿದೆ ಹೇಳು ಎಂದು ಅವನನ್ನು ಕೇಳಿದರು. ಅವನು ಅವರ ಮೇಜಿನ ಅಂಚು ನೋಡುತ್ತ ಕುಳಿತ. ಮಾತಾಡದಿದ್ದರೆ ತಮ್ಮಿಂದ ಆಗದು ಎಂದರು.

"ಭಾವಾ, ಇನ್ನೊಂದ್ಸಲ ಪುಣ್ಯಾಹ ಮಾಡ್ಸನ. ಮಾಣಿಗೆ ಸಮಾಧಾನ ಆಗ್ಲಿ," ಎಂದಳು ನಾದಿನಿ.

ಭಟ್ಟರು ಬಸ್ಸಿನಲ್ಲಿ ಬಂದರು. ಅವನೊಬ್ಬನಿಗಾಗಿಯೇ ಮಂತ್ರ ಹೇಳಿ ನೀರು ಹಾಕಿದರು. ಹೊರಡುವಾಗ ನಕ್ಕು, "ಈಗ ನೀನು ಎನಗಿಂತ ಶುದ್ಧ ತಮಾ. ಆನು ಬಸ್ಸಲ್ಲಿ ಊರವ್ರನ್ನೆಲ್ಲಾ ಮುಟ್ಕಂಡು ಬೈಂದಿ," ಎಂದರು. ಆ ಮಧ್ಯಾಹ್ನ ಅವನು ಅನ್ನ ಉಂಡ. ಎರಡನೆಯ ಸಲ ಹಾಕಿಸಿಕೊಂಡ. ನಾದಿನಿ ಒಳಗೆ ಹೋಗಿ ಅತ್ತಳು.

ಬೆಳಿಗ್ಗೆ ಮತ್ತೆ ನೀರಿನ ಸದ್ದು. "ಭಟ್ರು ಬಸ್ಸಲ್ಲಿ ಎಲ್ಲಾರ್ನೂ ಮುಟ್ಟಿದ್ದ. ಆ ನೀರು ಆಗ್ತಿಲ್ಲೆ."

ಭಟ್ಟರು ಮತ್ತೆ ಬಂದರು, ಬೈಕಿನಲ್ಲಿ. ನಮ್ಮ ಮನೆಯಲ್ಲೇ ಸ್ನಾನ ಮಾಡಿ ನೀರು ಹಾಕಿದರು. ಒಂದು ಊಟ ಇಳಿಯಿತು. ಆಮೇಲೆ ಅವರು ಸ್ನಾನ ಮಾಡಿದ ತಂಬಿಗೆಯ ಮೇಲೆ ಅನುಮಾನ ಬಂತು. ಹೀಗೆ ಕೆಲವು ವಾರ ನಡೆಯಿತು. ಕೊನೆಗೆ ಭಟ್ಟರೇ ಶಾಲು ಕೊಡವಿ ಎದ್ದರು. "ಇದು ಎನ್ನಿಂದ ಆಗ್ತಿಲ್ಲೆ ಮಾರಾಯಾ. ಹುಬ್ಬಳ್ಳಿಗೆ ಕರ್ಕಂಡು ಹೋಗು."

ಹುಬ್ಬಳ್ಳಿಯ ಡಾಕ್ಟರಮ್ಮ ಅವನನ್ನು ಮಾತಾಡಿಸಲು ಹೋಗಲಿಲ್ಲ. ಕೈ ನೋಡಿದರು. ಪುಣ್ಯಾಹದ ಸಂಗತಿಯನ್ನು ಪೂರ್ತಿ ಕೇಳಿದರು.

"ಆಟಿಸಂ ಬ್ಯಾರೆ, ಇದು ಬ್ಯಾರೆ ರೀ. ಇದು ಗೀಳು, ಒಸಿಡಿ ಅಂತಾರ. ಇದಕ್ಕ ಔಷಧ ಐತಿ. ಆದ್ರ ಸೂತಕ ಹೋತು ಅಂತ ನೀವು ಹೇಳಿದಷ್ಟೂ ಅದು ಬೆಳೀತೈತಿ. ಹೇಳಬ್ಯಾಡ್ರಿ."

"ಮತ್ತೆ ಏನು ಹೇಳಲಿ?"

"ಏನೂ ಹೇಳಬ್ಯಾಡ್ರಿ. ಬಾಗಿಲ ಚಿಲಕ ಮುಟ್ಟಿಸ್ರಿ, ಅವ ಕೈ ತೊಳೀದಂಗ ನೋಡ್ಕೋತ ಬಾಜೂಕ ಕುಂದರ್ರಿ. ಅಂಜಿಕಿ ತಾನ ಇಳೀತೈತಿ. ಆದ್ರ ಇದನ್ನ ಕಲಿತವರು ಮಾಡಿಸಬೇಕು. ಇವನಂಥವರ ಕೂಡ ಮಾಡಿ ಗೊತ್ತಿದ್ದವರು."

ಗುಳಿಗೆ ಶುರುವಾಗಿ ಕೆಲವು ತಿಂಗಳಾಯಿತು. ಈಗ ಅನ್ನ ಉಣ್ಣುತ್ತಾನೆ. ಕೈಯ ಗಾಯಗಳು ಒಣಗುತ್ತಿವೆ. ಸ್ನಾನ ಕಡಿಮೆಯಾಗಿದೆ, ನಿಂತಿಲ್ಲ. ಡಾಕ್ಟರಮ್ಮ ಫೋನಿನಲ್ಲಿ ಹೇಳಿದಂತೆ ನಾನು ಚಿಲಕದ ಹತ್ತಿರ ಅವನೊಡನೆ ಕೂರುತ್ತೇನೆ. ಅವನು ನಡುಗಲು ಶುರುಮಾಡಿದಾಗ ಮುಂದೇನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಎದ್ದುಬಿಡುತ್ತೇವೆ.

ಹುಬ್ಬಳ್ಳಿ ವಾರವಾರ ಹೋಗಿಬರುವಷ್ಟು ಹತ್ತಿರವಲ್ಲ. ಮನೆಗೇ ಬಂದು ಕೂತು ಇದನ್ನು ಮಾಡಿಸುವವರಿಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ವಿಚಾರಿಸಿದ್ದೇನೆ. ಅಂಥವರು ಇನ್ನೂ ಸಿಕ್ಕಿಲ್ಲ.