ಹಲ್ಲು ಕಟ್ಟುವವಳ ಭಾನುವಾರಗಳು

ಐವತ್ತೆರಡು ವರ್ಷದ ಹೆಂಗಸನ್ನು ‘ಪುಟ್ಟಿ’ ಎಂದು ಕರೆಯುವ ಹಕ್ಕು ಇದ್ದದ್ದು ಒಬ್ಬರಿಗೇ, ಅವಳ ಅಕ್ಕನಿಗೆ. ಆದರೆ ಅಕ್ಕನದು ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ಕೂಗಿ ಪಳಗಿದ ಗಂಟಲು. ಬೀದಿಯ ಆ ತುದಿಯಿಂದ ಅವಳು ಒಂದು ಸಲ ಕರೆದರೆ ಈ ತುದಿಯವರಿಗೂ ಕೇಳುತ್ತಿತ್ತು. ಹೀಗಾಗಿ ಬೀದಿಗೆ ಬೀದಿಯೇ ಅವಳನ್ನು ಪುಟ್ಟಿ ಎನ್ನುತ್ತಿತ್ತು. ನಾವೂ ಹಾಗೆಯೇ ಕರೆಯೋಣ.

ಪುಟ್ಟಿಯ ಕೆಲಸ ಹಲ್ಲು ಕಟ್ಟುವುದು. ಹಾಗೆಂದು ಅವಳೇನೂ ಡಾಕ್ಟರಲ್ಲ. ಬೇರೆ ಬೇರೆ ಊರಿನ ದಂತವೈದ್ಯರು ಹಲ್ಲಿಲ್ಲದವರ ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ರಟ್ಟಿನ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಒಂದು ಕ್ಲಿನಿಕ್ಕಿನ ಹಿಂಭಾಗದ ಉದ್ದನೆಯ ಕೋಣೆಯಲ್ಲಿ, ಕಿಟಕಿಗೆ ಆನಿಸಿದ ಮೇಜಿನ ಮುಂದೆ ಕೂತು ಅವಳು ಆ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣ ಬಳಿಯುತ್ತಿದ್ದಳು. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಒಸಡಿನ ಅಂಚು ಕೆತ್ತುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಸಾವಿರಾರು ಬಾಯಿಗಳು ಅವಳ ಕೈದಾಟಿ ಹೋಗಿದ್ದವು. ಮುಖ ಮಾತ್ರ ಒಂದನ್ನೂ ಕಂಡಿರಲಿಲ್ಲ. ಅದೊಂದು ಕೊರತೆ ಎಂದು ಅವಳಿಗೆ ಅನ್ನಿಸಿರಲೂ ಇಲ್ಲ.

ಅಕ್ಕ ನಿವೃತ್ತಳಾದಾಗ ಬಸ್ಸಿನವರು ಅವಳಿಗೆ ಒಂದು ಪಾಸು ಕೊಟ್ಟರು. ಬದುಕಿರುವವರೆಗೂ ಎಲ್ಲಿಗೆ ಬೇಕಾದರೂ ಹೋಗಬಹುದು, ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಮನೆಯಲ್ಲಿ ಒಬ್ಬಳೇ ಹದಿನೈದು ದಿನ ಕೂತು ಗೋಡೆ ನೋಡಿದ್ದೇ ಅಕ್ಕನಿಗೆ ಸಾಕಾಯಿತು. ಒಂದು ಶನಿವಾರ ಸಂಜೆ ತಂಗಿಯ ಮನೆಗೆ ಬಂದು ಪಾಸನ್ನು ಮೇಜಿನ ಮೇಲೆ ಬಡಿದಳು.

“ನಾಳೆ ಬೆಳಿಗ್ಗೆ ಆರೂವರೆ ಬಸ್ಸು. ಸಮುದ್ರದ ಊರಿಗೆ. ತಯಾರಾಗಿರು.”

“ಅಲ್ಲಿ ನಮ್ಗೇನು ಕೆಲ್ಸ ಅಕ್ಕಾ?”

“ಕೆಲ್ಸ ಇಲ್ಲ ಅಂತಾನೇ ಹೋಗೋದು ಕಣೇ.”

ಪುಟ್ಟಿಯ ಗಂಡನಿಗೆ ಸೈಕಲ್ ರಿಪೇರಿ ಅಂಗಡಿ. ಭಾನುವಾರ ರೇಡಿಯೋ ಪಕ್ಕದಲ್ಲಿಟ್ಟುಕೊಂಡು ಮಲಗುವುದೇ ಅವನಿಗೆ ಸ್ವರ್ಗ. “ನಿನ್ನ ಗಂಡ ಬರಲ್ವಾ?” ಎಂಬ ಮಾತು ಅಕ್ಕನ ಬಾಯಿಂದ ಬರುವ ಮೊದಲೇ ಅವನು, “ನೀವಿಬ್ರೂ ಹೋಗ್ಬನ್ನಿ, ಸಮುದ್ರ ಎಲ್ಲೂ ಓಡಿಹೋಗಲ್ಲ, ನಾನು ಇನ್ನೊಂದ್ಸಲ ನೋಡ್ತೀನಿ,” ಎಂದು ಮಗ್ಗುಲು ಬದಲಿಸಿದ. ಅವನ ಆ ಇನ್ನೊಂದು ಸಲ ಇವತ್ತಿಗೂ ಬಂದಿಲ್ಲ.

ಹೀಗೆ ತಿಂಗಳಿಗೊಂದು ಭಾನುವಾರ ಅಕ್ಕ ತಂಗಿ ಹೊರಡತೊಡಗಿದರು. ಎರಡೂವರೆ ಗಂಟೆಯ ದಾರಿ. ದಾರಿಯುದ್ದಕ್ಕೂ ಅಕ್ಕ ಕಂಡಕ್ಟರುಗಳಲ್ಲಿ ತಪ್ಪು ಹುಡುಕುತ್ತಿದ್ದಳು. ಒಬ್ಬ ಸೀಟಿ ಸರಿಯಾಗಿ ಊದುವುದಿಲ್ಲ, ಒಬ್ಬಳು ಮುದುಕರು ಹತ್ತುವ ಮೊದಲೇ ರೈಟ್ ಎನ್ನುತ್ತಾಳೆ. ಕಡಲಿನ ಊರು ತಲುಪಿದ ಮೇಲೆ ಮೊದಲು ದಂಡೆಯ ಮೇಲೆ ಒಂದು ಸುತ್ತು. ಬಿಸಿಲೇರುತ್ತಿದ್ದಂತೆ ಯಾವುದಾದರೂ ಮ್ಯೂಸಿಯಮ್ಮಿನ ನೆರಳು. ಆ ಊರಿನಲ್ಲಿ ಮ್ಯೂಸಿಯಂಗಳಿಗೆ ಬರವಿರಲಿಲ್ಲ. ಚಿತ್ರಗಳದ್ದೊಂದು, ಹಳೆಯ ದೀಪಸ್ತಂಭದ್ದೊಂದು, ಚಿಪ್ಪು ಶಂಖಗಳದ್ದೊಂದು, ಬಂದರಿನ ಗೋದಾಮಿನಲ್ಲಿ ಹಡಗಿನ ಸಾಮಾನುಗಳದ್ದೊಂದು. ಪುಟ್ಟಿ ಪ್ರತಿ ಪೆಟ್ಟಿಗೆಯ ಮುಂದೆ ನಿಂತು ಪ್ರತಿ ಚೀಟಿಯನ್ನೂ ಕೊನೆಯ ಅಕ್ಷರದವರೆಗೆ ಓದುವವಳು. ಅಕ್ಕ ಕೋಣೆಗೆ ಕಾಲಿಟ್ಟ ಕೂಡಲೇ ಬೆಂಚು ಹುಡುಕುವವಳು. “ಮೂವತ್ತೊಂದು ವರ್ಷ ನಿಂತಿದ್ದೀನಿ, ಇನ್ನು ನಿಂತ್ಕೊಂಡು ಏನನ್ನೂ ನೋಡಲ್ಲ,” ಎನ್ನುತ್ತಿದ್ದಳು.

ನಾಲ್ಕನೆಯ ತಿಂಗಳು ಅವರು ಹಡಗಿನ ಮ್ಯೂಸಿಯಮ್ಮಿಗೆ ಹೋದರು. ಮೇಲಿನ ಮಹಡಿಯಲ್ಲಿ ಒಂದು ಕೋಣೆಯ ತುಂಬ ಒಂದೇ ವಸ್ತು, ತಿಮಿಂಗಿಲದ ಕೆಳದವಡೆ. ಅಡ್ಡಹಾಕಿದ ದೋಣಿಯಷ್ಟು ಉದ್ದ, ಎರಡು ಸಾಲು ಹಲ್ಲು. ಪುಟ್ಟಿಯ ಕಣ್ಣು ಅರಳಿತು. ಬೆರಳು ಮಡಿಸುತ್ತ ಎಣಿಸಿದಳು, ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು.

“ನಲ್ವತ್ತಾರು,” ಎಂದಿತು ಹಿಂದಿನಿಂದ ಒಂದು ದನಿ.

ಮೂಲೆಯ ಕುರ್ಚಿಯಲ್ಲಿ ಕೋಣೆಯ ಕಾವಲುಗಾರ ಕೂತಿದ್ದ. ಅರವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ಹಗ್ಗ ಎಳೆದು ಗಂಟು ಕಟ್ಟಿದ ದಪ್ಪ ಕೈಗಳು. ಆ ಕೈಯೊಂದು ಬಾಯಿಗೆ ಅಡ್ಡವಾಗಿತ್ತು. “ಒಂದು ಬಿದ್ದುಹೋಗಿದೆ. ಎಡಗಡೆ ಸಾಲಲ್ಲಿ,” ಎಂದ. ‘ಸಾಲಲ್ಲಿ’ ಎನ್ನುವಾಗ ‘ಸ’ದ ಜೊತೆ ಒಂದು ಸಣ್ಣ ಶಿಳ್ಳೆ ಹೊರಟಿತು. ಅವನು ತಟ್ಟನೆ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದ.

ಮೆಟ್ಟಿಲಿಳಿಯುವಾಗ ಪುಟ್ಟಿ, “ಕಟ್ಟಿಸಿದ ಹಲ್ಲು. ಸರಿಯಾಗಿ ಕೂತಿಲ್ಲ,” ಎಂದಳು.

“ನೀನು ಹಾಗೆಲ್ಲ ಗಂಡಸರ ಬಾಯಿ ನೋಡ್ಕೊಂಡು ನಿಲ್ಬಾರ್ದು ಕಣೇ. ಆ ಮನುಷ್ಯ ಹೆದರ್ಕೊಂಡ,” ಎಂದಳು ಅಕ್ಕ.

ಮುಂದಿನ ತಿಂಗಳೂ ಅವರು ಅಲ್ಲಿಗೇ ಹೋದರು. ಟಿಕೆಟ್ ಕೊಡುವ ಹೆಂಗಸು ಮಾತುಗಾತಿ. ಅಕ್ಕ ಅವಳ ಜೊತೆ ಹತ್ತು ನಿಮಿಷ ನಿಂತಳು, ಕಾವಲುಗಾರನ ಕತೆಯೆಲ್ಲ ತಿಳಿದುಕೊಂಡಳು. ಅವನು ಇಪ್ಪತ್ತೇಳು ವರ್ಷ ಹಡಗಿನಲ್ಲಿದ್ದವನಂತೆ. ಕಾಲು ಮುರಿದ ಮೇಲೆ ಇಲ್ಲಿ ಸೇರಿದ್ದಂತೆ. ಹಡಗಿನ ವಿಷಯ ಅವನಷ್ಟು ಗೊತ್ತಿರುವವರು ಈ ಕಟ್ಟಡದಲ್ಲೇ ಇಲ್ಲ. ಬರುವ ಶಾಲೆಮಕ್ಕಳಿಗೆ ಒಂದಿಷ್ಟು ಹೇಳಿ ಎಂದು ಮೇಲಧಿಕಾರಿ ಎಷ್ಟು ಕೇಳಿಕೊಂಡರೂ ಜಪ್ಪಯ್ಯ ಅನ್ನುವುದಿಲ್ಲ.

“ಯಾಕಂತೆ?” ಎಂದಳು ಪುಟ್ಟಿ.

“ಒಂದ್ಸಲ ಹೇಳೋಕೆ ಹೋದ್ನಂತೆ. ಮಕ್ಕಳು ಶಿಳ್ಳೆ ಕೇಳಿ ನಕ್ಕುಬಿಟ್ವಂತೆ.”

ಮಧ್ಯಾಹ್ನ ಬುತ್ತಿ ತಿನ್ನಲು ಇಬ್ಬರೂ ಕಟ್ಟಡದ ಹಿಂದಿನ ಮೆಟ್ಟಿಲಿಗೆ ಹೋದಾಗ ಕಾವಲುಗಾರ ಅಲ್ಲೇ ಕೂತು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಪಕ್ಕದಲ್ಲಿ ಹಾಸಿದ ಕರವಸ್ತ್ರದ ಮೇಲೆ ಹಲ್ಲಿನ ಸೆಟ್ಟು. ಅವರನ್ನು ಕಂಡು ಅವನು ಗಡಬಡಿಸಿ ಕೈಚಾಚಿದ. ಅವನಿಗಿಂತ ಮೊದಲು ಪುಟ್ಟಿಯ ಕೈ ಹೋಗಿತ್ತು.

ಬೇರೆಯವರ ಹಲ್ಲನ್ನು ಕೇಳದೆ ಎತ್ತಿಕೊಳ್ಳುವುದು ಎಲ್ಲಿಯ ಮರ್ಯಾದೆ? ಅದು ಅವಳಿಗೆ ಹೊಳೆದದ್ದು ಎತ್ತಿಕೊಂಡ ಮೇಲೆ. ಆದರೆ ಅಷ್ಟರಲ್ಲಿ ಅವಳು ಬೇರೇನನ್ನೋ ನೋಡಿಬಿಟ್ಟಿದ್ದಳು. ಒಸಡಿನ ಮೇಲೆ ಕಿತ್ತಳೆ ಸಿಪ್ಪೆಯ ಮೇಲಿರುವಂತೆ ಸಣ್ಣ ಸಣ್ಣ ಚುಕ್ಕೆಗಳು. ಮೇಣ ಮೆತ್ತಗಿರುವಾಗ ಬ್ರಶ್ಶಿನಿಂದ ತಟ್ಟಿ ಮಾಡುವಂಥವು. ಎಡಗಡೆಯ ಎರಡನೆಯ ಹಲ್ಲನ್ನು, ಸಾಲು ತೀರಾ ಗೆರೆ ಎಳೆದಂತೆ ಕಾಣದಿರಲಿ ಎಂದು, ಕೂದಲೆಳೆಯಷ್ಟು ತಿರುಗಿಸಿ ಕೂರಿಸಲಾಗಿತ್ತು. ಹಾಗೆ ಕೂರಿಸುವವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ.

ಅವಳು ಸೆಟ್ಟನ್ನು ಕರವಸ್ತ್ರದ ಮೇಲೆ ವಾಪಸ್ಸಿಟ್ಟು, “ತಪ್ಪಾಯ್ತು,” ಎಂದಷ್ಟೇ ಹೇಳಿ ಎದ್ದಳು. ಬುತ್ತಿ ಬಿಚ್ಚಲೇ ಇಲ್ಲ.

ದಂಡೆಯ ಮೇಲೆ ಅಕ್ಕ ಅವಳ ಬಾಯಿ ಬಿಡಿಸಿದಳು. “ಅದು ನಾನು ಕಟ್ಟಿದ್ದು ಅಕ್ಕಾ. ನನ್ನ ಕೈಯದ್ದೇ.”

“ನಿಜವಾಗ್ಲೂ?”

“ನನ್ನ ಕೈ ನಂಗೆ ಗೊತ್ತಾಗಲ್ವಾ? ಮುಂದಿನ ಸಾಲು ಚೆಂದ ಕಾಣ್ಲಿ ಅಂತ ಒಳಗೆ ತುಂಬಾ ಇಕ್ಕಟ್ಟು ಮಾಡ್ಬಿಟ್ಟಿದ್ದೀನಿ. ನಾಲಗೆ ತುದಿಗೆ ಜಾಗಾನೇ ಇಲ್ಲ, ಅದಕ್ಕೇ ಶಿಳ್ಳೆ. ನಾನು ಪ್ಲಾಸ್ಟರ್ ನೋಡ್ಕೊಂಡು ಆಹಾ ಎಷ್ಟು ಚೆನ್ನಾಗಿದೆ ಅಂತ ಡಬ್ಬಿಗೆ ಹಾಕಿ ಕಳಿಸಿರ್ತೀನಿ. ಇಲ್ಲಿ ಈ ಮನುಷ್ಯ ಮಾತೇ ಬಿಟ್ಟು ಕೂತಿದ್ದಾನೆ.”

ಸಮಾಧಾನದ ಮಾತು ಹೇಳುವುದು ಅಕ್ಕನ ಜಾಯಮಾನವಲ್ಲ. “ನಾನು ತಪ್ಪು ಟಿಕೆಟ್ ಹರಿದ್ರೆ ಏನ್ಮಾಡ್ತಿದ್ದೆ ಗೊತ್ತಾ? ಅವ್ರ ಸೀಟಿನ ಹತ್ರ ಹೋಗಿ, ‘ತಪ್ಪು ಕೊಟ್ಟಿದ್ದೀನಿ, ಇಲ್ಲಿ ಕೊಡಿ’ ಅಂತಿದ್ದೆ. ಇಡೀ ಬಸ್ಸು ನೋಡ್ತಿರ್ತಿತ್ತು. ಏನೂ ಆಗಲ್ಲ ಕಣೇ, ಎರಡು ನಿಮಿಷ ಮುಖ ಬಿಸಿಯಾಗತ್ತೆ ಅಷ್ಟೇ. ನಡಿ.”

ಇಬ್ಬರೂ ತಿರುಗಿ ಮ್ಯೂಸಿಯಮ್ಮಿಗೆ ನಡೆದರು. ತಿಮಿಂಗಿಲದ ಕೋಣೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಪುಟ್ಟಿ ಕುರ್ಚಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು, ತಾನು ಯಾರು, ಚುಕ್ಕೆ ಏನು, ಎಡಗಡೆಯ ಹಲ್ಲು ಏನು, ತಪ್ಪು ಎಲ್ಲಿ. ಕಾವಲುಗಾರ ಕಣ್ಣು ಮಿಟುಕಿಸದೆ ಕೇಳಿದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ನಗಲು ಶುರುಮಾಡಿದ. ನಗುವಿನ ರಭಸಕ್ಕೆ ಮೇಲಿನ ಸೆಟ್ಟು ಜಾರಿತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿಕೊಂಡು, “ಆರು ವರ್ಷ ಆಯ್ತಮ್ಮಾ. ಯಾರನ್ನ ಬೈಬೇಕು ಅಂತಾನೇ ಗೊತ್ತಿರ್ಲಿಲ್ಲ. ಬೈಸ್ಕೊಳೋಕೆ ನೀವೇ ಹುಡುಕ್ಕೊಂಡು ಬಂದ್ರಲ್ಲ!” ಎಂದ.

“ಬೈರಿ ಮತ್ತೆ.”

“ಈಗ ಬರ್ತಾನೇ ಇಲ್ಲ, ಏನ್ಮಾಡ್ಲಿ?”

“ಡಾಕ್ಟರ ಹತ್ರ ಯಾಕೆ ವಾಪಸ್ ಹೋಗ್ಲಿಲ್ಲ ನೀವು?” ಎಂದು ಅಕ್ಕ ಗದರಿದಳು.

“ಹೋಗಿದ್ದೆ. ಅಭ್ಯಾಸ ಆಗತ್ತೆ ಅಂದ್ರು. ಅಭ್ಯಾಸ ಆಯ್ತು. ಮಾತಾಡದೆ ಇರೋದು.”

ಮ್ಯೂಸಿಯಮ್ಮಿಗೆ ಸೋಮವಾರ ರಜೆ. ಪುಟ್ಟಿಯ ಕೆಲಸದ ಕೋಣೆ ಸೋಮವಾರ ತೆರೆದಿರುತ್ತದೆ. ಮುಂಭಾಗದ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಪುಟ್ಟಿ ವಿಷಯ ಹೇಳಿದಾಗ ಅವರು, “ಕರ್ಸಿ, ನಾನೇ ಅಚ್ಚು ತೆಗೀತೀನಿ. ಆದ್ರೆ ಈ ಸಲ ನೀವು ಕುರ್ಚಿ ಪಕ್ಕದಲ್ಲೇ ನಿಂತಿರ್ಬೇಕು,” ಎಂದರು.

ಕಾವಲುಗಾರ ಬಂದ. ಹಡಗಿನಲ್ಲಿ ಎಷ್ಟೋ ದೇಶ ಸುತ್ತಿದ್ದ ಅವನು ಒಳನಾಡಿಗೆ ಮಾತ್ರ ಎರಡೂವರೆ ಗಂಟೆಯ ದಾರಿಯಷ್ಟು ದೂರವೂ ಎಂದೂ ಬಂದವನಲ್ಲ. ಬಸ್ ನಿಲ್ದಾಣದಲ್ಲಿ ಅವನನ್ನು ಎದುರುಗೊಂಡ ಅಕ್ಕನ ಹತ್ತಿರ, “ಇಲ್ಲಿ ಗಾಳಿ ಯಾವ ಕಡೆಯಿಂದ ಬರತ್ತೆ?” ಎಂದು ಕೇಳಿದ.

“ಫ್ಯಾನಿಂದ,” ಎಂದಳು ಅಕ್ಕ.

ಮೊದಲ ಸೋಮವಾರ ಅಚ್ಚು ತೆಗೆದಾಯಿತು. ಹದಿನೈದು ದಿನ ಬಿಟ್ಟು ಎರಡನೆಯ ಸೋಮವಾರ, ಮೇಣದಲ್ಲಿ ಕೂರಿಸಿದ ಹಲ್ಲನ್ನು ಬಾಯಿಗಿಟ್ಟು ನೋಡುವ ಸರದಿ. ಪುಟ್ಟಿ ಸಣ್ಣ ಚಾಕು, ಸ್ಪಿರಿಟ್ ದೀಪ ಹಿಡಿದು ಪಕ್ಕದಲ್ಲಿ ನಿಂತಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಕೆಲಸಕ್ಕೆ ಕಣ್ಣು, ಕೆನ್ನೆ, ಹುಬ್ಬು ಎಲ್ಲ ಇದ್ದವು. ಪ್ಲಾಸ್ಟರಿನ ಮೇಲೆ ಸರಿ ಕಾಣುತ್ತಿದ್ದ ಮುಂದಿನ ಸಾಲು ಈ ಅಗಲ ಮುಖದಲ್ಲಿ ಗೊಂಬೆಯ ಹಲ್ಲಿನಂತೆ ಕಂಡಿತು.

“ಸಮುದ್ರ, ಸರಪಳಿ ಅನ್ನಿ.”

ಅವನು ಅಂದ. ಶಿಳ್ಳೆ ಇತ್ತು. ಅವಳು ಚಾಕು ಬಿಸಿಮಾಡಿ ಮೇಣ ಕರಗಿಸಿ ಎರಡು ಹಲ್ಲನ್ನು ಚೂರು ಹೊರಕ್ಕೆ ಸರಿಸಿದಳು.

“ಇನ್ನೊಂದ್ಸಲ.”

ಹಾಗೆ ಎಂಟು ಹತ್ತು ಸಲ ಆಯಿತು. ಬಿಡಿ ಬಿಡಿ ಪದ ಹೇಳುವಾಗ ಅವನು ಜಾಣತನದಿಂದ ನಾಲಗೆ ಅಳವಡಿಸಿಕೊಳ್ಳುತ್ತಿದ್ದಾನೆ ಎಂದು ಪುಟ್ಟಿಗೆ ಅನುಮಾನ ಬಂತು. “ಮಕ್ಕಳಿಗೆ ಏನು ಹೇಳ್ಬೇಕು ಅಂತಿದ್ರೋ ಅದನ್ನೇ ಹೇಳಿ. ನಂಗೆ ಹೇಳಿ,” ಎಂದಳು.

ಅವನು ಚಾವಣಿ ನೋಡುತ್ತ ನಿಧಾನಕ್ಕೆ ಶುರುಮಾಡಿದ. ಆ ದವಡೆಯ ತಿಮಿಂಗಿಲ ಸತ್ತು ದಡಕ್ಕೆ ಬಂದು ಬಿದ್ದ ವರ್ಷ, ಅದನ್ನು ಎಳೆಯಲು ಎಷ್ಟು ಜನ ಬೇಕಾಯಿತು, ಹಗ್ಗ ಎರಡು ಸಲ ಹರಿದದ್ದು, ವಾಸನೆಗೆ ಊರಿಗೆ ಊರೇ ಮೂಗು ಮುಚ್ಚಿಕೊಂಡು ಓಡಾಡಿದ್ದು, ಆ ಕಾಣೆಯಾದ ಒಂದು ಹಲ್ಲಿಗಾಗಿ ಅಣ್ಣತಮ್ಮಂದಿರಿಬ್ಬರು ಕೈಕೈ ಮಿಲಾಯಿಸಿದ್ದು. ನಡುನಡುವೆ ಪುಟ್ಟಿ ಕೈ ಎತ್ತುತ್ತಿದ್ದಳು, ಮೇಣ ತೆಗೆದು ತಿದ್ದುತ್ತಿದ್ದಳು, ಮತ್ತೆ ಇಡುತ್ತಿದ್ದಳು. ಅವನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದ. ಹೊರಗೆ ದವಡೆ ಹಿಡಿದುಕೊಂಡು ಕಾಯುತ್ತಿದ್ದ ರೋಗಿಯೊಬ್ಬ ಬಾಗಿಲ ಸಂದಿಯಲ್ಲಿ ತಲೆ ಹಾಕಿದ. ಬೈಯಲು ಬಂದವನು ಅಲ್ಲೇ ಒರಗಿ ನಿಂತ.

ಅಣ್ಣತಮ್ಮಂದಿರ ಜಗಳ ಮುಗಿಯುವ ಹೊತ್ತಿಗೆ ಶಿಳ್ಳೆ ಎಲ್ಲಿ ಹೋಯಿತೋ ಯಾರೂ ಗಮನಿಸಲಿಲ್ಲ. ಡಾಕ್ಟರಮ್ಮ, “ಆಮೇಲೆ ಆ ಹಲ್ಲು ಯಾರಿಗೆ ಸಿಕ್ತು?” ಎಂದರು. ಪುಟ್ಟಿ ಚಾಕು ಕೆಳಗಿಟ್ಟಳು.

ಸೆಟ್ಟು ಪೂರ್ತಿಯಾಗಿ ಅವನ ಬಾಯಿಗೆ ಬಂದದ್ದು ಮೂರನೆಯ ಸೋಮವಾರ. ಕನ್ನಡಿಯಲ್ಲಿ ಅವನು ತನ್ನನ್ನು ಬಹಳ ಹೊತ್ತು ನೋಡಿಕೊಂಡ. ಅಕ್ಕ ಚೀಲದಿಂದ ಒಂದು ಸೌತೆಕಾಯಿ ತೆಗೆದು ಕೊಟ್ಟಳು. ಕಟುಂ ಎಂದು ಕಚ್ಚಿ, ಜಗಿದು, ನುಂಗಿ, “ಉಪ್ಪಿಲ್ವಾ?” ಎಂದ. ಕ್ಲಿನಿಕ್ಕಿನಲ್ಲಿದ್ದವರೆಲ್ಲ ನಕ್ಕರು.

ಮುಂದಿನ ತಿಂಗಳ ಭಾನುವಾರ ಅಕ್ಕ ತಂಗಿ ಹಡಗಿನ ಮ್ಯೂಸಿಯಂ ಹೊಕ್ಕಾಗ ಮೇಲಿನ ಮಹಡಿಯಿಂದ ಮೆಟ್ಟಿಲವರೆಗೂ ಅವನ ದನಿ ಕೇಳುತ್ತಿತ್ತು. ಇಪ್ಪತ್ತು ಮೂವತ್ತು ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವನು ಎರಡೂ ಕೈಯಲ್ಲಿ ಇಲ್ಲದ ಹಗ್ಗವನ್ನು ಎಳೆದು ತೋರಿಸುತ್ತಿದ್ದ. ಬಾಯಿ ಮುಚ್ಚಲು ಕೈ ಖಾಲಿ ಇರಲಿಲ್ಲ. ಪುಟ್ಟಿ ಬಾಗಿಲ ಹೊರಗೇ ನಿಂತು ಕೊನೆಯವರೆಗೂ ಕೇಳಿದಳು. ಈ ಸಲ ಕತೆಯಲ್ಲಿ ಜಗಳವಾಡಿದ ಅಣ್ಣತಮ್ಮಂದಿರು ಮೂವರಾಗಿದ್ದರು.

ಅವಳ ಕೆಲಸವೂ ಸ್ವಲ್ಪ ಬದಲಾಯಿತು. ಅಚ್ಚಿನ ಡಬ್ಬಿಯೊಳಗೆ ಒಂದು ಚೀಟಿ ಇಡಿ ಎಂದು ಎಲ್ಲ ದಂತವೈದ್ಯರಿಗೂ ಬರೆದಳು. ವಯಸ್ಸೆಷ್ಟು, ಮುಖ ಅಗಲವೋ ಉದ್ದವೋ, ಏನು ಕೆಲಸ, ಮಾತು ಜಾಸ್ತಿಯೋ ಕಮ್ಮಿಯೋ. ಕೆಲವರು ಗೊಣಗಿದರು, ಹೆಚ್ಚಿನವರು ಇಟ್ಟರು. ‘ಪಾಠ ಹೇಳುವ ಮೇಷ್ಟರು’ ಎಂದು ಒಂದು ಚೀಟಿ ಬಂತು. ‘ಕೊಳಲು ಊದುತ್ತಾರೆ, ಜೋಪಾನ’ ಎಂದು ಇನ್ನೊಂದು. ‘ಸೊಸೆಯನ್ನು ಬೈಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ’ ಎಂದು ಮತ್ತೊಂದು. ಅದನ್ನು ಓದಿ ಪುಟ್ಟಿ ಅರ್ಧ ದಿನ ನಗುತ್ತ ಕೆಲಸ ಮಾಡಿದಳು.

ಕಾವಲುಗಾರನಿಗೆ ಸೋಮವಾರದ ಬಸ್ಸಿನ ರುಚಿ ಹತ್ತಿಬಿಟ್ಟಿತು. ಹಲ್ಲಿನ ಕೆಲಸ ಮುಗಿದರೂ ಅವನು ತಿರುಗಾಟ ನಿಲ್ಲಿಸಲಿಲ್ಲ. ಒಂದು ವಾರ ಬೆಟ್ಟ, ಒಂದು ವಾರ ಅಣೆಕಟ್ಟು, ಒಂದು ವಾರ ಯಾವುದೋ ಊರಿನ ಕುರಿ ಸಂತೆ. ಹೋದಲ್ಲಿಂದೆಲ್ಲ ಅಕ್ಕನ ವಿಳಾಸಕ್ಕೆ ಒಂದು ಕಾರ್ಡು ಬರುತ್ತದೆ. ತಂಗಿಯ ವಿಳಾಸಕ್ಕೆ ಯಾಕಲ್ಲ ಎಂದು ಪುಟ್ಟಿ ಕೇಳಿದರೆ ಅಕ್ಕ, “ನಿಂಗೆ ಗಂಡ ಇದ್ದಾನಲ್ಲೇ,” ಎಂದು ಅಡುಗೆಮನೆಗೆ ಎದ್ದು ಹೋಗುತ್ತಾಳೆ. ಹೋದ ವಾರ ಬಂದ ಕಾರ್ಡಿನಲ್ಲಿ ಒಂದು ಜಲಪಾತದ ಚಿತ್ರವಿತ್ತು. ಹಿಂದೆ ಎರಡೇ ಸಾಲು: “ನೀರು ಮೇಲಿಂದ ಬೀಳುವುದನ್ನು ಮೊದಲ ಸಲ ನೋಡಿದೆ. ಇಲ್ಲಿಯ ಕಂಡಕ್ಟರು ಸೀಟಿ ಚೆನ್ನಾಗಿ ಊದುತ್ತಾನೆ, ನೀವೂ ಒಮ್ಮೆ ಬಂದು ಕೇಳಬೇಕು.”

ಅಕ್ಕ ಅದನ್ನು ಮೂರು ಸಲ ಓದಿ, ಪಾಸನ್ನು ಚೀಲದಿಂದ ಹೊರತೆಗೆದು, ಆ ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಲು ನಿಲ್ದಾಣಕ್ಕೆ ಹೊರಟಳು.