ಹಿಂಬಾಗಿಲಿನ ಸಾರು

ಭಾವ ಆ ಮಾತು ಹೇಳಿದ್ದು ಒಂದು ಮಂಗಳವಾರ ಸಂಜೆ ಎಂದು ನನ್ನ ನೆನಪು. ಅಕ್ಕ ಬುಧವಾರ ಎನ್ನುತ್ತಾಳೆ. ಯಾವ ವಾರವಾದರೂ ಹೋಟೆಲು ಖಾಲಿ ಇತ್ತು ಎಂಬುದರಲ್ಲಿ ನಮಗಿಬ್ಬರಿಗೂ ತಕರಾರಿಲ್ಲ.

"ದೀಪಾವಳಿವರ್ಗೂ ನೋಡ್ತೀನಿ," ಎಂದರು ಭಾವ, ಗಲ್ಲಾದಿಂದಲೇ, ಖಾಲಿ ಟೇಬಲುಗಳ ಕಡೆ ಮುಖ ಮಾಡಿಕೊಂಡು. "ಆಮೇಲೂ ರಾತ್ರಿ ಹೊತ್ತು ಹಿಂಗೇ ಇದ್ರೆ ಕೊರಿಯರ್‌ನೋರಿಗೆ ಗೋಡೌನ್ ಮಾಡ್ಕೊಳ್ಳೋಕೆ ಕೊಟ್ಬಿಡ್ತೀನಿ. ಅವ್ರು ಕೇಳ್ತಾನೇ ಅವ್ರೆ."

ಒಲೆಯ ಮುಂದಿದ್ದ ಅಕ್ಕ ತಿರುಗಿ ನೋಡಲಿಲ್ಲ. ಸೌಟು ಆಡುವುದು ಮಾತ್ರ ನಿಂತಿತು.

ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದಲ್ಲಿ, ಬಸ್ ಸ್ಟ್ಯಾಂಡಿನಿಂದ ಹೊರಟ ರಸ್ತೆಯಲ್ಲಿ, ಅಕ್ಕನದೊಂದು ಮಿಲಿಟರಿ ಹೋಟೆಲು. ಕಟ್ಟಡ ಭಾವನ ಅಪ್ಪನದು, ಕೈರುಚಿ ಅಕ್ಕನದು. ಭಾನುವಾರ ಎಲೆಗಾಗಿ ಜನ ನಿಂತು ಕಾಯುತ್ತಿದ್ದರು. ಸೋಮವಾರ ಈ ಕಡೆಯವರು ಮಾಂಸ ಮುಟ್ಟುವುದಿಲ್ಲ, ಬಾಗಿಲು ಹಾಕಿರುತ್ತಿತ್ತು. ಮಂಗಳವಾರದಿಂದ ಗುರುವಾರದವರೆಗೆ ಮಧ್ಯಾಹ್ನ ಹೇಗೋ ಸಾಗುತ್ತಿತ್ತು. ಕತ್ತಲಾದ ಮೇಲೆ ಒಬ್ಬರೂ ಇಲ್ಲ. ಶ್ರಾವಣ ಕಳೆದರೆ ಬರುತ್ತಾರೆ ಎಂದುಕೊಂಡೆವು. ಶ್ರಾವಣ ಕಳೆಯಿತು, ಅವರು ಬರಲಿಲ್ಲ.

ಅಕ್ಕನಿಗೆ ಆ ಒಲೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಉಪ್ಪು ಹಾಕುವುದಕ್ಕೂ ಕೇಳಿಯೇ ಹಾಕಿದವಳು ಅವಳು. ಹೋಟೆಲು ಮುಚ್ಚಿದರೆ ಮತ್ತೆ ಅಲ್ಲಿಗೇ ಹೋಗಬೇಕು. ಇದನ್ನು ಅವಳು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ನಾನೇ ಊಹಿಸಿ ಅವಳ ಬಾಯಿಗೆ ಹಾಕುತ್ತಿರಲೂಬಹುದು. ಆದರೆ ಆ ದಿನಗಳಲ್ಲಿ ಅವಳು ಯಾರೂ ಮುಟ್ಟದ ಪಾತ್ರೆಗಳನ್ನೂ ಎರಡೆರಡು ಸಲ ತಿಕ್ಕುತ್ತಿದ್ದದ್ದನ್ನು ಕಂಡಿದ್ದೇನೆ.

ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಸಂಜೆ ಬಸ್ಸಿಳಿದು ಅಲ್ಲೇ ಊಟ. ಉಂಡ ಋಣಕ್ಕೆ ಸಲಹೆ ಕೊಡುತ್ತಿದ್ದೆ. ಬುಧವಾರ ರಾತ್ರಿ ಊಟಕ್ಕೆ ಒಂದು ಮೊಟ್ಟೆ ಉಚಿತ ಎಂದು ಬೋರ್ಡು ಬರೆಸಿದ್ದು ನಾನೇ.

"ಏನ್ ಮೇಷ್ಟ್ರೇ," ಎಂದರು ಭಾವ ಎರಡು ಬುಧವಾರ ಕಳೆದ ಮೇಲೆ. "ಮಧ್ಯಾಹ್ನ ಬರೋರೇ ರಾತ್ರಿ ಬಂದ್ರು. ನಮ್ಮ ಮೊಟ್ಟೆ ತಿಂದು ಪಕ್ಕದಂಗ್ಡೀಲಿ ಟೀ ಕುಡುದ್ರು."

ಆ ವಾರವೇ ಇರಬೇಕು, ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ರೇಷ್ಮೆ ದಾರಕ್ಕೆ ಹುರಿ ಹಾಕುವ ಮಿಲ್ಲಿನ ಕೆಲಸದವಳು. ಸೆರಗಿನ ಮೇಲೆ ಎಳೆಗಳು ಇನ್ನೂ ಅಂಟಿದ್ದವು. ವ್ಯಾನಿಟಿ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದಳು.

"ಅಕ್ಕಾ, ಬರೀ ಕೋಳಿ ಸಾರು ಕೊಡ್ತೀರಾ? ಮುದ್ದೆ ಮನೇಲಿ ನಾನೇ ಮಾಡ್ಕೋತೀನಿ."

"ಪೀಸು ಬೇಡ್ವಾ?"

"ನಾಕು ಹಾಕಿ. ಎಣ್ಣೆ ತೇಲೋ ಹಂಗೆ ಮಾತ್ರ ಬೇಡ. ನಮ್ಮತ್ತೆ ಮೂಗು ಚುರುಕು, ಹೋಟ್ಲು ಸಾರು ಅಂತ ಕಂಡುಹಿಡ್ದುಬಿಡ್ತಾರೆ."

ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. "ನಿಮ್ಮನೇಲಿ ಕಾಯಿ ಜಾಸ್ತಿ ಹಾಕ್ತೀರಾ, ಕಮ್ಮಿನಾ?"

"ಕಮ್ಮಿ. ಮನೆಗೋಗಿ ಒಂದು ಈರುಳ್ಳಿ ಹುರುದ್ರಾಯ್ತು, ವಾಸ್ನೆ ಬರ್ತದೆ."

ದಿನವಿಡೀ ಮಿಷನ್ನಿನ ಮುಂದೆ ನಿಂತು ಬಂದವಳಿಗೆ ಮನೆಯಲ್ಲಿ ಬಿಸಿ ಸಾರು ಮಾಡುವ ಶಕ್ತಿ ಇಲ್ಲ. ಕೊಂಡು ತಂದೆ ಎಂದರೆ ಒಲೆ ಹಚ್ಚಲಾರದ ಸೊಸೆ ಎಂಬ ಹೆಸರು. ಇಷ್ಟು ನನಗೆ ಅರ್ಥವಾಯಿತು. ಆದರೂ ಒಬ್ಬಳು ಬಂದದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. "ಸಾಬೀತು ಆಗೋದು ಬೇಡ ಕಣೋ, ಖರ್ಚಾದ್ರೆ ಸಾಕು," ಎಂದಳು.

ಮುಂದಿನ ವಾರದಿಂದ ಅವಳು ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡತೊಡಗಿದಳು. ಬಣ್ಣ ಕಡಿಮೆ, ಎಣ್ಣೆ ಕಡಿಮೆ. ಹೋಟೆಲಿನ ಸಾರನ್ನು ಹೋಟೆಲಿನದಲ್ಲದಂತೆ ಮಾಡುವ ಕೆಲಸ. ಮಿಲ್ಲು ಬಿಡುವ ಹೊತ್ತಿಗೆ ಹಿತ್ತಲಲ್ಲಿ ಹೆಂಗಸರು ಸೇರತೊಡಗಿದರು. ಹದಿನೈದು ಜನರನ್ನು ಒಮ್ಮೆ ಕಂಡೆ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಅಕ್ಕನ ಪ್ರಕಾರ ಎಂಟರ ಮೇಲೆ ಯಾವತ್ತೂ ಇರಲಿಲ್ಲ. ಒಂದೇ ಬೀದಿಯವರೂ ಅಲ್ಲಿ ಪರಸ್ಪರ ಮಾತಾಡುತ್ತಿರಲಿಲ್ಲ. ಒಬ್ಬಳು ಗೋಡೆ ನೋಡಿದರೆ ಇನ್ನೊಬ್ಬಳು ನೆಲ ನೋಡುತ್ತಿದ್ದಳು. ಡಬ್ಬಿ ಬ್ಯಾಗಿನೊಳಗೆ ಸೇರಿದ ಮೇಲೆಯೇ ತಲೆ ಎತ್ತುತ್ತಿದ್ದರು.

ಮುಂದಿನ ಟೇಬಲುಗಳು ಮಾತ್ರ ಹಾಗೇ ಖಾಲಿ. ಗಲ್ಲಾದಲ್ಲಿ ಕೂತ ಭಾವನಿಗೆ ಅದಷ್ಟೇ ಕಾಣುತ್ತಿತ್ತು. ದೀಪಾವಳಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಒಂದು ಸಂಜೆ ಅಕ್ಕ ಅವರನ್ನು ಕರೆದು ಹಿಂದೆ ನಿಲ್ಲಿಸಿ ತೋರಿಸಿದಳು. ಪಾತ್ರೆ ಬರಿದಾಗುವುದನ್ನು ಕಂಡು ಅವರಿಗೆ ಹುರುಪು ಬಂತು. ಮರುದಿನ ನಾನು ಬರುವಷ್ಟರಲ್ಲಿ ಹಿತ್ತಲ ಬಾಗಿಲ ಮೇಲೆ ಕಣ್ಣು ಕುಕ್ಕುವ ಎಲ್ಇಡಿ ದೀಪ, ಅದರ ಕೆಳಗೆ ಬ್ಯಾನರು: ಮಹಿಳೆಯರಿಗಾಗಿ ಮನೆ ರುಚಿಯ ಸಾರು. ಹೆಂಗಸರು ಸಾಲಾಗಿ ನಿಂತಿದ್ದಾಗಲೇ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದರು. ಅರ್ಧ ಊರಿನ ನಂಬರು ಅವರ ಫೋನಿನಲ್ಲಿದೆ.

ಅದರ ಮರುದಿನ ಮಿಲ್ಲು ಬಿಟ್ಟಿತು. ರಸ್ತೆಯಲ್ಲಿ ಹೆಂಗಸರು ಹೋದದ್ದು ಕಂಡಿತು. ಹಿತ್ತಲಿಗೆ ಒಬ್ಬರೂ ತಿರುಗಲಿಲ್ಲ. ಆ ದೀಪದ ಬೆಳಕಿನಲ್ಲಿ ನಾವು ಮೂವರೇ ನಿಂತಿದ್ದೆವು. ಸಾರು ಆರುತ್ತಾ ಬಂತು.

"ಫೋಟೋದಲ್ಲಿ ಯಾರ್ ಮುಖ ಬಿದ್ದದೆ, ತೋರ್ಸಿ," ಎಂದಳು ಅಕ್ಕ.

"ಒಳ್ಳೇದ್ಕೇ ಹಾಕಿದ್ದು ಕಣೇ."

"ತೋರ್ಸಿ ಅಂದೆ."

ಮೊದಲು ಬಂದಿದ್ದ ಹೆಂಗಸಿನ ಮುಖ ಸ್ಪಷ್ಟವಾಗಿತ್ತು. ಡಬ್ಬಿ ಅರ್ಧ ಬ್ಯಾಗಿನೊಳಗೆ, ಅರ್ಧ ಹೊರಗೆ. ಅಕ್ಕ ಫೋನನ್ನು ಭಾವನ ಕೈಗೆ ಕೊಟ್ಟು, ಅವರು ಅದನ್ನು ಅಳಿಸುವವರೆಗೆ ಅಲ್ಲೇ ನಿಂತಳು. ಆಮೇಲೆ ಸ್ಟೂಲು ಹತ್ತಿ ಬ್ಯಾನರು ಕಿತ್ತಳು. ದೀಪ ಬಿಚ್ಚಲು ಬರದೆ ಸೋಪಿನ ಪೆಟ್ಟಿಗೆಯ ರಟ್ಟು ಕಟ್ಟಿ ಮುಚ್ಚಿದಳು.

ಮರುದಿನವೂ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಭಾವ ಕೊರಿಯರ್‌ನವನಿಗೆ ಫೋನು ಮಾಡಿದರು.

ಅವನು ಟೇಪು ಹಿಡಿದು ಬಂದು ಮುಂದಿನ ಹಾಲ್ ಅಳೆದ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗೋಡೆ ಮುಟ್ಟಿ, ಬೆರಳು ಮೂಸಿ, ಕರ್ಚೀಫಿಗೆ ಒರೆಸಿಕೊಂಡ. "ಇಲ್ಲೆಲ್ಲ ಜಿಡ್ಡು ಅಣ್ಣಾ. ಬಟ್ಟೆ ಪಾರ್ಸಲ್ ಇಟ್ರೆ ವಾಸ್ನೆ ಹೊಡೀತದೆ."

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನನಗೆ ಕೇಳಿಸಿದಂತೆ ಅಕ್ಕ ಹೇಳಿದ್ದು ಇಷ್ಟು: "ಮುಂದಿಂದು ತಗೊಳ್ಳಿ. ಒಲೆ ಇರೋ ಕಡೆ ಬರ್ಬೇಡಿ." ಭಾವ ಇಂದಿಗೂ ಅದು ತಮ್ಮದೇ ಆಲೋಚನೆ ಎನ್ನುತ್ತಾರೆ. ಅಕ್ಕನನ್ನು ಕೇಳಿದರೆ, "ನೀನೇ ಅಲ್ವೇನೋ ಹೇಳಿದ್ದು," ಎನ್ನುತ್ತಾಳೆ; ನಾನು ಹೇಳಿರಲಿಲ್ಲ ಎಂದು ವಾದಿಸುವಷ್ಟು ಧೈರ್ಯ ನನಗಿಲ್ಲ. ಟೇಪು ಚಟ್ಟನೆ ಡಬ್ಬಿಯೊಳಗೆ ಸುತ್ತಿಕೊಂಡ ಸದ್ದಿಗೆ ಅಕ್ಕ ಬೆಚ್ಚಿದ್ದು ಮಾತ್ರ ಖಚಿತ.

"ಎಷ್ಟು ದಿನ?" ಎಂದರು ಭಾವ.

"ನಡದಷ್ಟು ದಿನ."

"ನಡೀಲಿಲ್ಲ ಅಂದ್ರೆ?"

"ಅಂದ್ರೆ ನಾನೇ ಒಲೆ ಕಿತ್ಕೊಡ್ತೀನಿ."

ದೀಪಾವಳಿಗೆ ಮುಂಚೆ ಟೇಬಲುಗಳು ಮಾರಾಟವಾದವು. ಹೋಟೆಲಿನ ಬೋರ್ಡು ಇಳಿಸುವಾಗ ಅಕ್ಕ ಹೊರಗೆ ಬರಲಿಲ್ಲ. ಹಾಲ್‌ನಲ್ಲಿ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು ಏರಿದವು.

ಹಬ್ಬ ಕಳೆದ ಮೊದಲ ಮಂಗಳವಾರ ಅವಳು ಸಾರು ಮಾಡಿಟ್ಟಳು. ಹಿತ್ತಲಲ್ಲಿ ದೀಪವಿಲ್ಲ, ಒಲೆಯ ಬೆಳಕಷ್ಟೇ. ಗೋಡೆಗೊರಗಿ ನಾನು ಊಟ ಮಾಡುತ್ತಿದ್ದೆ. ಮಿಲ್ಲು ಬಿಟ್ಟ ಮೇಲೆ ಹೆಜ್ಜೆ ಸದ್ದು ಕೇಳಿಸಿ, ನಿಲ್ಲದೆ ಮುಂದೆ ಹೋಯಿತು. ಅಕ್ಕ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಆಮೇಲೆ ಬಾಗಿಲಲ್ಲಿ ಅವಳು ನಿಂತಿದ್ದಳು, ಆ ಫೋಟೋದವಳು. ಬ್ಯಾಗು ಮುಚ್ಚಿಯೇ ಇತ್ತು.

"ಯಜಮಾನ್ರು ಅದನ್ನ ತೆಗುದ್ರಾ?"

"ತೆಗ್ಸ್ದೆ."

"ನೋಡೋರು ನೋಡಾಯ್ತು ಬಿಡಿ. ಇಷ್ಟು ದಿನ ಉಣ್ಸಿದ್ದು ಹೋಟ್ಲುದಾ ಅಂತ ಕೇಳುದ್ರು ನಮ್ಮತ್ತೆ. ಅಲ್ಲ, ಅವತ್ತೊಂದಿನ ಮಾತ್ರ ಅಂದೆ."

"ನಂಬುದ್ರಾ?"

ಅವಳು ನನ್ನತ್ತ ಕೈ ತೋರಿಸಿದಳು. "ಇವ್ರು ಯಾಕೆ ಇಲ್ಲವ್ರೆ?"

"ನನ್ ತಮ್ಮ. ಪಾಪ, ಅವ್ನಿಗೇನೂ ಗೊತ್ತಾಗಲ್ಲ."

"ಯಾರಾದ್ರೂ ಆಗ್ಲಿ ಅಕ್ಕಾ. ಗಂಡಸ್ರು ಇಲ್ಲಿದ್ರೆ ನಾವ್ಯಾರೂ ಬರಲ್ಲ. ಅಲ್ಲಿ ರೋಡಲ್ಲಿ ನಿಂತವ್ರೆ, ನಾನು ಏನಂತೀನೋ ಅಂತ."

ಅಕ್ಕ ನನ್ನ ಮುಖವನ್ನೂ ನೋಡಲಿಲ್ಲ. "ಏಳೋ, ಮುಂದಕ್ಕೋಗು. ನಿಮ್ಮ ಭಾವನ್ಗೂ ಹೇಳು, ಈ ಹೊತ್ನಲ್ಲಿ ಈ ಕಡೆ ಬರ್ಕೂಡ್ದು."

ತಟ್ಟೆ ಹಿಡಿದು ಗೋಡೌನಿಗೆ ಹೋದೆ. ಪೆಟ್ಟಿಗೆಗಳ ನಡುವೆ ಸ್ಟೂಲಿನ ಮೇಲೆ ಭಾವ ಕೂತಿದ್ದರು. ಬಾಗಿಲ ಬೀಗದ ಕೈ ಅವರ ಬಳಿಯೇ ಇರುತ್ತಿತ್ತು. ವಿಷಯ ಹೇಳಿದೆ. ಅವರು ಗೋಡೆಗೆ ಕಿವಿಗೊಟ್ಟರು. ಆ ಕಡೆ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಮುಚ್ಚಿದ ಸದ್ದು. ಮತ್ತೆ ಅದೇ.

"ಎಷ್ಟು ಜನ ಅಂತೀಯಾ?" ಎಂದರು ತಗ್ಗಿದ ದನಿಯಲ್ಲಿ.

"ಹೇಳೋಕಾಗಲ್ಲ ಭಾವ. ಒಬ್ರೇ ಎರಡು ಸಲ ಮುಚ್ಚಿರಬಹುದು."

"ನಿನ್ನ ಓದು ಏನಕ್ಕೂ ಬರಲಿಲ್ಲ ಕಣಪ್ಪಾ."

ನನ್ನ ಅನ್ನ ಆರಿಹೋಗಿತ್ತು. ಇಬ್ಬರೂ ಅಲುಗಾಡದೆ ಕೂತೆವು. ಎಷ್ಟೋ ಹೊತ್ತಿನ ಮೇಲೆ ಸೌಟು ಪಾತ್ರೆಯ ತಳ ಕೆರೆದ ಸದ್ದು ಬಂತು. ಅಕ್ಕ ಅಂದು ಅರ್ಧ ಪಾತ್ರೆಯಷ್ಟೇ ಮಾಡಿದ್ದಳೋ ಏನೋ, ನಾನು ನೋಡಿರಲಿಲ್ಲ. ಭಾವ ಎದ್ದು, ರಸ್ತೆಗಿಳಿಯುವ ಹೆಂಗಸರಿಗೆ ನಾವು ಕಾಣಬಾರದೆಂದು, ಸದ್ದಾಗದಂತೆ ಷಟರನ್ನು ಮೆಲ್ಲಗೆ ಎಳೆದರು.