ಬಸ್ಸಮ್ಮನ ಸ್ವಿಚ್ಚು

ಗ್ರಂಥಾಲಯಗಳ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ಬಸ್ಸಮ್ಮ ಎನ್ನುತ್ತಿದ್ದರು. ಅನ್ನದೆ ಏನು ಮಾಡಿಯಾರು? ಎಲ್ಲಿ ಹೊಸ ಶಾಖೆ ತೆರೆದರೂ ಆಕೆ ಬಸ್ಸು ಹತ್ತಲೇಬೇಕು. ಶಾಖೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್ಚು ಡಬ್ಬದಿಂದ ಹೊರಬಂದಾಗ ಹಸುಗೂಸು. ತನ್ನ ಹೆಸರೂ ಗೊತ್ತಿಲ್ಲ, ವಿಳಾಸವೂ ಗೊತ್ತಿಲ್ಲ. ಲ್ಯಾಪ್‌ಟಾಪಿನಿಂದ ಅದಕ್ಕೊಂದು ತಂತಿ ಸಿಕ್ಕಿಸಿ, ಎದುರು ಕೂತು, ಒಂದೊಂದಾಗಿ ಹೇಳಿಕೊಡಬೇಕು.

ಹೀಗೆ ಊರೂರು ತಿರುಗಿ ಪೆಟ್ಟಿಗೆಗಳಿಗೆ ಅಕ್ಷರಾಭ್ಯಾಸ ಮಾಡಿಸುವವಳ ಸ್ವಂತ ಮಗಳು ಮಾತ್ರ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು. ಈಚೆಗೆ ಆ ಪುಟ್ಟಿ ದೊಡ್ಡಮ್ಮನನ್ನೇ ಅಮ್ಮ ಎನ್ನತೊಡಗಿದ್ದಳು. ಅದು ಕಿವಿಗೆ ಬಿದ್ದ ದಿನ ಬಸ್ಸಮ್ಮನಿಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚಾಯಿತು.

ಹಟಕ್ಕೆ ಬಿದ್ದಳು. ಕರೆಂಟು, ಕೇಬಲ್ಲು ಕೊಟ್ಟರೆ ಸಾಕು, ಸ್ವಿಚ್ಚೇ ಆಫೀಸಿನ ಸರ್ವರನ್ನು ಹುಡುಕಿ, ತನ್ನ ಸೀರಿಯಲ್ ನಂಬರ್ ಹೇಳಿ, ತನ್ನ ಪಾಠವನ್ನೆಲ್ಲ ಇಳಿಸಿಕೊಳ್ಳುವಂತೆ ಏರ್ಪಾಡು ಮಾಡಿದಳು. ಯಾವ ನಂಬರಿನ ಸ್ವಿಚ್ಚು ಯಾವ ಶಾಖೆಗೆ ಎಂಬ ಪಟ್ಟಿಯನ್ನೂ ಸರ್ವರಿನಲ್ಲಿ ಬರೆದಿಟ್ಟಳು.

"ಈ ಹೊಸ ಶಾಖೆ ನೀನು ಹೋಗದೇ ಶುರುವಾಗ್ಲಿ ನೋಡೋಣ. ಆಮೇಲೆ ನಿನ್ನ ಓಡಾಟ ಬಂದ್," ಎಂದರು ಮ್ಯಾನೇಜರು. ದನಿಯಲ್ಲಿ ನಂಬಿಕೆ ಅಷ್ಟಕ್ಕಷ್ಟೇ.

ಪಾರ್ಸೆಲ್ಲಿನಲ್ಲಿ ಬಂದ ಸ್ವಿಚ್ಚಿಗೆ ಶಾಖೆಯ ಲೈಬ್ರರಿಯನ್ ಮೇಡಂ ಫೋನಿನಲ್ಲಿ ಬಸ್ಸಮ್ಮನನ್ನು ಕೇಳಿಕೊಂಡೇ ಪ್ಲಗ್ ಹಾಕಿದರು. ಸ್ವಿಚ್ಚೇನೋ ಎದ್ದಿತು. ಆದರೆ ಬೇರೆ ಯಾವುದೋ ಶಾಖೆಯ ಹೆಸರು ಹೇಳಿಕೊಂಡು ಠೀವಿಯಿಂದ ಕೂತಿತು!

"ಒಂದು ಕಂಪ್ಯೂಟರೂ ನಡೀತಿಲ್ಲ ಕಣ್ರೀ. ನೀವೇ ಬಂದ್ಬಿಡಿ," ಎಂದರು ಮೇಡಂ.

"ಬಸ್ಸು ಎಷ್ಟೊತ್ತಿಗೆ?" ಎಂದು ಮ್ಯಾನೇಜರು ಆಗಲೇ ಕೇಳಿಯಾಯಿತು.

ಬಸ್ಸಮ್ಮ ತನ್ನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದಳು. ಆಗ ಹೊಳೆಯಿತು. ನಂಬರುಗಳನ್ನು ಆಕೆ ಬರೆದುಕೊಂಡದ್ದು ರಟ್ಟಿನ ಡಬ್ಬಗಳ ಮೇಲಿಂದ. ಸ್ಟೋರಿನವರೋ, ಪರೀಕ್ಷೆಗೆಂದು ಎಲ್ಲ ಸ್ವಿಚ್ಚುಗಳನ್ನು ಹೊರತೆಗೆದು, ಮತ್ತೆ ಕೈಗೆ ಸಿಕ್ಕಿದ ಡಬ್ಬಕ್ಕೆ ತುಂಬುವವರು. ಎದುರು ಕೂತು ಕಲಿಸುವಾಗ ಡಬ್ಬ ಯಾವುದಾದರೇನು ಎಂದು ಆಕೆಯೂ ಇಷ್ಟು ವರ್ಷ ತಲೆ ಕೆಡಿಸಿಕೊಂಡಿರಲಿಲ್ಲ.

"ಮೇಡಂ, ಡಬ್ಬ ಬಿಡಿ. ಸ್ವಿಚ್ಚಿನ ಬೆನ್ನಿಗೆ ಅಂಟಿಸಿರೋ ನಂಬರ್ ಓದಿ."

ಅವರು ಓದಿದರು, ಇವಳು ಪಟ್ಟಿಯಲ್ಲಿ ತಿದ್ದಿದಳು. "ಈಗ ಸ್ವಿಚ್ಚಿನ ಮೇಲಿರೋ ಸಣ್ಣ ಬಟನ್ ಒತ್ತಿ ಹಿಡ್ಕೊಳ್ಳಿ. ಕಲಿತದ್ದೆಲ್ಲ ಮರ್ತು ಮೊದಲಿಂದ ಕಲೀಲಿ."

ಸ್ವಲ್ಪ ಹೊತ್ತಿಗೆ ಮೇಡಂ ಕೂಗಿದ್ದು ಮ್ಯಾನೇಜರಿಗೂ ಕೇಳಿಸಿತು. "ಬಂತು ಕಣ್ರೀ! ಎಲ್ಲಾ ಬಂತು!"

ಮ್ಯಾನೇಜರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಬಸ್ಸಮ್ಮ ಅಕ್ಕನಿಗೆ ಫೋನ್ ಹಚ್ಚಿದಳು. "ಅಕ್ಕಾ, ಇನ್ನು ಓಡಾಟ ಇಲ್ಲ. ಪುಟ್ಟೀನ ಕರ್ಕೊಂಡು ಬರ್ತೀನಿ."

ಅಕ್ಕ ಹೇಳಿದಳು: "ಒಂದು ವಾರ ತಡಿ ಕಣೇ. ನಂಗೂ ಅಭ್ಯಾಸ ಆಗ್ಬೇಕಲ್ಲ."

ಇಂಥವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಬಸ್ಸಮ್ಮನಿಗೆ ನಾಚಿಕೆಯಾಯಿತು.

"ನೀನೂ ಅವಳ ಜೊತೆ ಬಾರೇ ಅಕ್ಕಾ," ಎಂದಳು. "ಅವಳಿಗೆ ಇಬ್ರು ಅಮ್ಮಂದಿರಿದ್ರೆ ನಂಗೇನು ನಷ್ಟ?"